ಮೌಖಿಕ ಇತಿಹಾಸದ ವಿಧಾನ: ನಾಗಪುರ ಸೀಮೆಯ ಒಂದು ಕಥೆಯ ನೆಲೆಯಿಂದ

ಕನ್ನಡ ನಾಡಿನ ಇತಿಹಾಸವನ್ನು ಕಟ್ಟಿದ ವಿದ್ವಾಂಸರು ಬಹುಮಟ್ಟಿಗೆ ಬರೆಹದ ಆಕರಗಳನ್ನು ನೆಚ್ಚಿದವರು. ಶಾಸನ, ಕಾವ್ಯ, ಕಡತ, ಬಖೈರು, ಸರಕಾರಿ ಕಾಗದಪತ್ರ ಇವುಗಳ ಸಂಗ್ರಹ ಮತ್ತು ಸಂಪಾದನೆಯಲ್ಲಿ ನಮ್ಮ ಅಧ್ಯಯನ ಪರಂಪರೆ ಸಾಧಿಸಿದ ಶಿಸ್ತು ಸಾಮಾನ್ಯವಾದುದಲ್ಲ. ಆದರೆ ಬರೆಹದ ಸೌಲಭ್ಯವಿಲ್ಲದಿದ್ದ ಜನ ತಮ್ಮ ಗತಕಾಲವನ್ನು ಹೇಗೆ ಕಾಪಾಡಿಕೊಂಡು ಬಂದರು, ಅದನ್ನು ನಾವು ಹೇಗೆ ಓದಬೇಕು ಎಂಬ ಪ್ರಶ್ನೆಗೆ ಈ ಶಿಸ್ತು ತಾನಾಗಿಯೇ ಉತ್ತರ ಕೊಡಲಾರದು. ಜಾನಪದ ಅಧ್ಯಯನವು ಈ ಜನರ ಹಾಡು, ಕಥೆ, ಆಚರಣೆಗಳನ್ನು ಅಕ್ಕರೆಯಿಂದ ಸಂಗ್ರಹಿಸಿತು. ಆದರೆ ಅವುಗಳನ್ನು ಸಾಹಿತ್ಯವೆಂದು ಓದಿದಷ್ಟು ಸಾಕ್ಷ್ಯವೆಂದು ಓದಲಿಲ್ಲ. ಇತಿಹಾಸದ ಅಧ್ಯಯನವು ಅವುಗಳಿಗೆ ಐತಿಹ್ಯವೆಂಬ ಹೆಸರಿಟ್ಟು ಬದಿಗಿರಿಸಿತು. ಈ ಎರಡು ಶಾಸ್ತ್ರಗಳ ನಡುವೆ ಉಳಿದುಹೋದ ಜಾಗವೇ ಮೌಖಿಕ ಇತಿಹಾಸದ ಕ್ಷೇತ್ರ.

ಈ ಕ್ಷೇತ್ರದ ವಿಧಾನವನ್ನು ಒಂದು ನಿರ್ದಿಷ್ಟ ಉದಾಹರಣೆಯ ಮೂಲಕ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಉದಾಹರಣೆ ಕರ್ನಾಟಕದ ಹೊರಗಿನದು. ನಾಗಪುರದ ಉತ್ತರಕ್ಕೂ ಈಶಾನ್ಯಕ್ಕೂ ಹಬ್ಬಿರುವ ಸೀಮೆಯಲ್ಲಿ ಕನ್ನಡದ ಒಂದು ರೂಪವನ್ನು ಆಡುತ್ತ ಬಂದ ಜನರು ಹೇಳಿದ, ಬ್ರಿಟಿಷ್ ಆಡಳಿತದ ಅಧಿಕಾರಿಯೊಬ್ಬರು ಬರೆದುಕೊಂಡ ಒಂದು ಚಿಕ್ಕ ಕಥೆ ಅದು. ಕನ್ನಡ ವಿಭಾಗಗಳಿಗೆ ಆ ಕಥೆ ಎರಡು ಕಾರಣಗಳಿಂದ ಮುಖ್ಯವಾಗುತ್ತದೆ. ಮೊದಲನೆಯದಾಗಿ, ನಮ್ಮ ನುಡಿಯನ್ನಾಡುವ ಒಂದು ಸಮುದಾಯದ ಆತ್ಮಕಥನ ಅದರಲ್ಲಿದೆ. ಎರಡನೆಯದಾಗಿ, ಆಡಿದ ಮಾತನ್ನು ಹೇಗೆ ದಾಖಲಿಸಬಾರದು ಎಂಬುದಕ್ಕೂ ಅದು ಒಂದು ಪಾಠವಾಗಿದೆ. ಹೇಳಿದವರು, ಕೇಳಿದವರು, ಹೇಳಿದ ಸಂದರ್ಭ ಈ ಮೂರೂ ಜೊತೆಗೆ ಉಳಿದಾಗಲೇ ಮಾತು ಇತಿಹಾಸದ ಸಾಕ್ಷ್ಯವಾಗುತ್ತದೆ ಎಂಬುದು ಇಲ್ಲಿನ ಮುಖ್ಯ ಪ್ರತಿಪಾದನೆ.

೧. ಪರಿಭಾಷೆಯ ವಿಚಾರ

ಮೌಖಿಕ ಪರಂಪರೆ ಮತ್ತು ಮೌಖಿಕ ಇತಿಹಾಸ ಎಂಬ ಎರಡು ಮಾತುಗಳನ್ನು ನಾವು ಅನೇಕ ಸಲ ಒಂದೇ ಅರ್ಥದಲ್ಲಿ ಬಳಸುತ್ತೇವೆ. ಇವುಗಳ ನಡುವಣ ವ್ಯತ್ಯಾಸ ಗಮನಾರ್ಹವಾದುದು. ತಲೆಮಾರಿನಿಂದ ತಲೆಮಾರಿಗೆ ಬಾಯಿಂದ ಬಾಯಿಗೆ ಸಾಗಿಬಂದ ಕಥನ ಮೌಖಿಕ ಪರಂಪರೆ. ಹೇಳುವವರು ಆ ಸಂಗತಿಯನ್ನು ಸ್ವತಃ ಕಂಡವರಾಗಿರುವುದಿಲ್ಲ. ತಾವೇ ಕಂಡು, ಅನುಭವಿಸಿದ ಸಂಗತಿಗಳನ್ನು ಹಿರಿಯರು ನೆನಪಿನಿಂದ ಹೇಳಿದಾಗ, ಅದನ್ನು ಸಂಶೋಧಕನು ಪ್ರಶ್ನೋತ್ತರದ ಮೂಲಕ ದಾಖಲಿಸಿದಾಗ ದೊರೆಯುವುದು ಮೌಖಿಕ ಇತಿಹಾಸ. ಮೊದಲನೆಯದರ ವಿಧಾನವನ್ನು ವ್ಯವಸ್ಥಿತವಾಗಿ ರೂಪಿಸಿದವರು ಬೆಲ್ಜಿಯಂನ ಯಾನ್ ವಾನ್ಸಿನಾ. ಆಫ್ರಿಕದ ಜನಾಂಗಗಳ ನಡುವೆ ಕೆಲಸ ಮಾಡಿದ ಅವರ ಗ್ರಂಥ ೧೯೬೧ರಲ್ಲಿ ಫ್ರೆಂಚಿನಲ್ಲಿ ಪ್ರಕಟವಾಯಿತು. ಎರಡನೆಯದಕ್ಕೆ ಸಾಂಸ್ಥಿಕ ರೂಪ ದೊರೆತದ್ದು ೧೯೪೮ರಲ್ಲಿ, ಆಲನ್ ನೆವಿನ್ಸ್ ಅವರು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಆರಂಭಿಸಿದ ಯೋಜನೆಯಿಂದ.

ಸಾರ್ವಜನಿಕ ಇತಿಹಾಸ ಎಂಬುದು ಇವೆರಡಕ್ಕೂ ಹೊಂದಿಕೊಂಡಿರುವ ಮೂರನೆಯ ಪರಿಕಲ್ಪನೆ. ತರಗತಿ ಮತ್ತು ವಿದ್ವತ್ಪತ್ರಿಕೆಗಳ ಹೊರಗೆ, ಜನರ ನಡುವೆ, ಜನರಿಗಾಗಿ ನಡೆಯುವ ಇತಿಹಾಸದ ಕೆಲಸವನ್ನು ಈ ಮಾತು ಸೂಚಿಸುತ್ತದೆ. ವಸ್ತುಸಂಗ್ರಹಾಲಯ, ಸ್ಮಾರಕ, ಉತ್ಸವ, ಊರ ಚರಿತ್ರೆ ಇವೆಲ್ಲ ಅದರ ರೂಪಗಳು. ೧೯೭೬ರಲ್ಲಿ ಸಾಂತಾ ಬಾರ್ಬರಾದಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ ರಾಬರ್ಟ್ ಕೆಲಿ ಅವರು ಇದನ್ನು ಒಂದು ಅಧ್ಯಯನ ವಿಷಯವಾಗಿ ಆರಂಭಿಸಿದರು. ಹೆಸರು ಹೊಸದು, ಸಂಗತಿ ನಮಗೆ ಹೊಸದಲ್ಲ. ೧೮೩೧ರಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನ ನಂದಗಡದ ಸಮಾಧಿಯ ಬಳಿ ಇರುವ ಆಲದ ಮರಕ್ಕೆ ಮಕ್ಕಳಿಲ್ಲದವರು ತೊಟ್ಟಿಲು ಕಟ್ಟಿ ಹರಕೆ ಹೊರುವುದು ಜನರೇ ನಡೆಸಿಕೊಂಡು ಬಂದ ಸಾರ್ವಜನಿಕ ಇತಿಹಾಸ. ಅಲ್ಲಿ ಯಾವ ಇತಿಹಾಸಕಾರನ ಅನುಮತಿಗೂ ಯಾರೂ ಕಾಯಲಿಲ್ಲ.

ನಮ್ಮಲ್ಲಿ ಬರೆಹದ ದಾಖಲೆಯೆಂದು ಮನ್ನಣೆ ಪಡೆದ ಆಕರಗಳಲ್ಲಿಯೂ ಆಡಿದ ಮಾತಿನ ಅಂಶ ಸೇರಿಕೊಂಡಿದೆ ಎಂಬುದನ್ನೂ ಇಲ್ಲಿ ನೆನೆಯಬೇಕು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕಾಲಿನ್ ಮೆಕೆಂಜಿಯ ಸಹಾಯಕರು ಊರೂರಿನಲ್ಲಿ ಸಂಗ್ರಹಿಸಿದ ಕೈಫಿಯತ್ತುಗಳಲ್ಲಿ ಸ್ಥಳೀಯರ ಹೇಳಿಕೆಗಳು ಯಥೇಚ್ಛವಾಗಿವೆ. ಎಂ. ಎಂ. ಕಲಬುರ್ಗಿಯವರು ಸಂಪಾದಿಸಿದ ‘ಕರ್ನಾಟಕದ ಕೈಫಿಯತ್ತುಗಳು’ ಸಂಪುಟವನ್ನು ಓದುವವರಿಗೆ, ಕಾಗದದ ಮೇಲಿರುವ ಈ ಬರೆಹದ ಹಿಂದೆ ಯಾರೋ ಹೇಳಿದ, ಯಾರೋ ಕೇಳಿದ ಒಂದು ಸನ್ನಿವೇಶವಿತ್ತೆಂಬುದು ಹೊಳೆಯದಿರದು. ಬರೆಹಕ್ಕೂ ಮಾತಿಗೂ ನಡುವೆ ನಾವು ಎಳೆದಿರುವ ಗೆರೆ ತೋರುವಷ್ಟು ಗಟ್ಟಿಯಾದುದಲ್ಲ.

೨. ಹೆಸರಿನ ಸೆಳೆತ

ನಾಗಪುರದಿಂದ ಇಟಾರ್ಸಿಯ ಕಡೆಗೆ ಹೋಗುವ ರೈಲುದಾರಿಯಲ್ಲಿ ಕಳಮೇಶ್ವರ ಎಂಬ ಊರು ಬರುತ್ತದೆ. ನಾಗಪುರ ಜಿಲ್ಲೆಯ ಒಂದು ತಾಲ್ಲೂಕಿನ ಕೇಂದ್ರ ಅದು. ಉತ್ತರ ಕರ್ನಾಟಕದವರಿಗೆ ಈ ಹೆಸರು ಕೇಳಿದೊಡನೆ ತಮ್ಮೂರಿನ ಕಲ್ಮೇಶ್ವರ ಗುಡಿ ನೆನಪಾಗುವುದು ಸಹಜ. ಧಾರವಾಡ, ಬೆಳಗಾವಿ, ಗದಗು ಸೀಮೆಗಳಲ್ಲಿ ಕಲ್ಮೇಶ್ವರ ದೇವಾಲಯಗಳು ಅನೇಕ. ಕಲ್ಮೇಶ, ಕಲ್ಲಪ್ಪ ಎಂಬ ಹೆಸರುಗಳು ಮನೆಮನೆಯಲ್ಲಿವೆ. ಹೀಗಿರುವಾಗ, ಈ ಊರಿನ ಹೆಸರು ಕನ್ನಡದ್ದೇ, ಆದ್ದರಿಂದ ಇಲ್ಲಿ ಹಿಂದೆ ಕನ್ನಡಿಗರಿದ್ದರು ಎಂದು ತೀರ್ಮಾನಿಸುವ ಆಸೆ ಕನ್ನಡ ವಿದ್ಯಾರ್ಥಿಯನ್ನು ಸುಲಭವಾಗಿ ಹಿಡಿಯುತ್ತದೆ.

ಈ ಆಸೆಗೆ ವಿದ್ವತ್ತಿನ ಬೆಂಬಲವೂ ಇದೆ. ಶಂ. ಬಾ. ಜೋಶಿಯವರು ಸ್ಥಳನಾಮಗಳನ್ನೂ ಮರಾಠಿಯಲ್ಲಿ ಉಳಿದ ಕನ್ನಡ ಪದಗಳನ್ನೂ ಆಧರಿಸಿ ಮಹಾರಾಷ್ಟ್ರದಲ್ಲಿ ಕಣ್ಮರೆಯಾದ ಕನ್ನಡವನ್ನು ಹುಡುಕಿದರು. ಕವಿರಾಜಮಾರ್ಗವು ಕನ್ನಡ ನಾಡಿನ ಉತ್ತರದ ಎಲ್ಲೆಯಾಗಿ ಹೇಳುವುದು ಗೋದಾವರಿಯನ್ನು. ನಾಗಪುರ ಅದಕ್ಕೂ ಬಹಳ ಉತ್ತರಕ್ಕಿದೆ. ಆದರೆ ರಾಷ್ಟ್ರಕೂಟ ಮೂರನೆಯ ಕೃಷ್ಣನ ಕನ್ನಡ ಶಾಸನವೊಂದು ನರ್ಮದೆಯನ್ನೂ ದಾಟಿ, ಈಗಿನ ಮಧ್ಯಪ್ರದೇಶದ ಮೈಹರ್ ಬಳಿಯ ಜೂರಾದಲ್ಲಿ ದೊರೆತಿದೆ. ಹತ್ತನೆಯ ಶತಮಾನದಲ್ಲಿ ಕನ್ನಡವನ್ನು ಕಲ್ಲಿನ ಮೇಲೆ ಕೊರೆಯಿಸಿದ ಪ್ರಭುತ್ವ ಅಷ್ಟು ದೂರ ಹೋಗಿತ್ತೆಂಬುದು ಸಿದ್ಧವಾದ ಸಂಗತಿ.

ಆದರೂ ಪ್ರಭುತ್ವದ ಶಾಸನ ಒಂದು, ಜನವಸತಿಯ ಇತಿಹಾಸ ಇನ್ನೊಂದು. ಶಾಸನವು ಸೇನೆ ಮತ್ತು ಅರಸನ ನಡೆಯನ್ನು ಹೇಳಬಲ್ಲದು; ಆ ದಾರಿಯಲ್ಲಿ ಯಾರು ಉಳಿದರು, ಯಾವ ಕಸುಬು ಮಾಡಿದರು ಎಂಬುದನ್ನು ಹೇಳಲಾರದು. ಕಳಮೇಶ್ವರದ ಹೆಸರನ್ನು ಅಲ್ಲಿನವರು ಹೇಗೆ ವಿವರಿಸುತ್ತಾರೆ ಎಂದು ಕೇಳದೆ, ಕೇವಲ ಧ್ವನಿಸಾಮ್ಯದಿಂದ ಅದನ್ನು ಕನ್ನಡಕ್ಕೆ ಸೇರಿಸಿಕೊಂಡರೆ ನಾವು ಪಡೆಯುವುದು ನಮ್ಮ ಆಸೆಯ ಪ್ರತಿಧ್ವನಿಯನ್ನು ಮಾತ್ರ. ಈ ಎಚ್ಚರವನ್ನು ಮೊದಲೇ ಹೇಳಲು ಕಾರಣವುಂಟು. ಈ ಸೀಮೆಯಲ್ಲಿ ಕನ್ನಡದ ಕುರುಹು ನಿಜವಾಗಿಯೂ ಇದೆ. ಅದು ಇರುವುದು ಊರ ಹೆಸರಿನಲ್ಲಿ ಅಲ್ಲ, ಕೆಲವು ಜನರ ನಾಲಗೆಯ ಮೇಲೆ.

೩. ಅಣ್ಣ ತಮ್ಮಂದಿರ ಕಥೆ

ಬ್ರಿಟಿಷರ ಕಾಲದಲ್ಲಿ ನಾಗಪುರವು ಮಧ್ಯಪ್ರಾಂತಗಳ ರಾಜಧಾನಿಯಾಗಿತ್ತು. ಜಾರ್ಜ್ ಗ್ರಿಯರ್ಸನ್ನರ ಭಾರತೀಯ ಭಾಷಾ ಸಮೀಕ್ಷೆಯ ನಾಲ್ಕನೆಯ ಸಂಪುಟವು ಸ್ಟೆನ್ ಕೊನೊ ಅವರ ಸಿದ್ಧತೆಯಲ್ಲಿ ೧೯೦೬ರಲ್ಲಿ ಪ್ರಕಟವಾಯಿತು. ಈ ಪ್ರಾಂತದಲ್ಲಿ ಗೋಲರರು ಮತ್ತು ಹೊಲಿಯಾ ಜನರು ಆಡುವ ನುಡಿಯನ್ನು ಅದು ಕನ್ನಡದ ಉಪಭಾಷೆಯೆಂದು ಗುರುತಿಸಿತು. ಹತ್ತು ವರ್ಷಗಳ ಬಳಿಕ, ೧೯೧೬ರಲ್ಲಿ, ಆರ್. ವಿ. ರಸೆಲ್ ಅವರು ಹೀರಾಲಾಲರ ನೆರವಿನಿಂದ ಮಧ್ಯಪ್ರಾಂತಗಳ ಜಾತಿ ಬುಡಕಟ್ಟುಗಳನ್ನು ಕುರಿತು ನಾಲ್ಕು ಸಂಪುಟಗಳ ಗ್ರಂಥವನ್ನು ಹೊರತಂದರು. ಗೋಲರರು ಮುಖ್ಯವಾಗಿ ಬಾಲಾಘಾಟ ಮತ್ತು ಸಿವನಿ ಜಿಲ್ಲೆಗಳಲ್ಲಿದ್ದರೆಂದು ಅದು ತಿಳಿಸುತ್ತದೆ. ಗೋಲರರು ದನ ಮೇಯಿಸುವವರು. ಹೊಲಿಯಾ ಜನರು ಚರ್ಮವಾದ್ಯ ನುಡಿಸುವುದನ್ನು ತಮ್ಮ ಕುಲಕಸುಬೆಂದು ಹೇಳಿಕೊಂಡವರು. ಹೊಲಿಯಾ ಜನರು ತಮ್ಮ ಹುಟ್ಟಿನ ಬಗ್ಗೆ ಹೇಳಿದ ಕಥೆಯೊಂದು ಆ ಗ್ರಂಥದಲ್ಲಿದೆ. ಅದರ ಸಾರ ಹೀಗಿದೆ:

ಗೋಲರ ಕುಲದ ಅಣ್ಣ ತಮ್ಮಂದಿರಿಬ್ಬರು ಒಂದು ಎತ್ತಿನೊಡನೆ ಕೆಲಸ ಹುಡುಕಿಕೊಂಡು ಹೊರಟರು. ದಾರಿಯಲ್ಲಿ ಅಣ್ಣ ತನ್ನ ಕುಲದೈವದ ಪೂಜೆಗೆ ಕುಳಿತ. ಅಷ್ಟರಲ್ಲಿ ಎತ್ತು ಸತ್ತಿತು. ಹೆಣ ಅಲ್ಲಿರುವವರೆಗೆ ಪೂಜೆ ಮುಂದುವರಿಯುವಂತಿಲ್ಲ. ಎತ್ತಿಹಾಕಲು ಯಾರೂ ಸಿಗಲಿಲ್ಲ. ಕೊನೆಗೆ ಅಣ್ಣನೇ ಒತ್ತಾಯಿಸಿ ತಮ್ಮನಿಂದ ಆ ಕೆಲಸ ಮಾಡಿಸಿದ. ತಮ್ಮ ಹಿಂದಿರುಗಿದಾಗ, ನೀನು ಕುಲ ಕಳೆದುಕೊಂಡೆ ಎಂದು ಅಣ್ಣ ಅವನನ್ನು ಮುಟ್ಟಲಿಲ್ಲ. ತಮ್ಮ ತನಗೊದಗಿದ್ದನ್ನು ಒಪ್ಪಿಕೊಂಡು, ಪೂಜೆಗೊಳ್ಳುತ್ತಿದ್ದ ದೇವರ ಹೆಸರನ್ನೇ ತನ್ನ ಹೆಸರಾಗಿ ಇಟ್ಟುಕೊಂಡ; ಅವನ ಸಂತತಿಯವರು ಹೊಲಿಯಾ ಎನಿಸಿದರು. ಆದರೆ ಅಣ್ಣ ಮಾಡಿದ ದ್ರೋಹಕ್ಕೆ ಪ್ರತೀಕಾರವಾಗಲೆಂದು ಅವನು ದೇವರನ್ನು ಬೇಡಿಕೊಂಡ. ಅಣ್ಣನಿಗೆ ಒಂದರ ಮೇಲೊಂದು ಕಷ್ಟ ಬಂದು, ಅವನು ಪಶ್ಚಾತ್ತಾಪಪಟ್ಟು ಪರಿಹಾರ ಮಾಡುವವರೆಗೂ ಅವು ನಿಲ್ಲಲಿಲ್ಲ.

ಕಥೆಯ ಜೊತೆಗೆ ರಸೆಲ್ ಎರಡು ನಡಾವಳಿಗಳನ್ನು ದಾಖಲಿಸಿದ್ದಾರೆ. ಹೊಲಿಯಾ ಜನರಲ್ಲಿ ಯಾರಾದರೂ ಗೋಲರನ ಮನೆಗೆ ಹೋದರೆ ಒಳಗೆ ಕರೆದು ಕುಳ್ಳಿರಿಸಲೇಬೇಕು, ಇಲ್ಲವಾದರೆ ಗೋಲರನೇ ಕುಲದಿಂದ ಹೊರಗಾಗುತ್ತಾನೆ. ಗೋಲರನ ಮನೆಯಲ್ಲಿ ಸಾವಾದಾಗ ಆ ಮನೆಯನ್ನು ಶುದ್ಧಗೊಳಿಸಬೇಕಾದವನು ಹೊಲಿಯಾ.

೪. ಕಥೆಯನ್ನು ಓದುವ ಎರಡು ಬಗೆ

ರಸೆಲ್ ಈ ಕಥೆಯಿಂದ ತೆಗೆದ ತೀರ್ಮಾನ ಸರಳವಾಗಿತ್ತು: ಎರಡು ಜಾತಿಗಳಿಗೂ ಸಂಬಂಧವಿದೆ, ಚರ್ಮದ ಕೆಲಸಕ್ಕೆ ಇಳಿದು ಕೀಳಾದ ಗೋಲರರೇ ಹೊಲಿಯಾ ಜನರಾಗಿರಬೇಕು. ಈ ಮಾತು ಯಾರ ದನಿಯದು ಎಂದು ನೋಡಿದರೆ ಕಥೆಯೊಳಗಿನ ಅಣ್ಣನ ದನಿಯೇ ಅದರಲ್ಲಿ ಕೇಳುತ್ತದೆ. ಕಥೆ ಹೇಳಿದವರು ತಮ್ಮನ ಕಡೆಯವರು. ಅದನ್ನು ಬರೆದುಕೊಂಡವರು ಅಣ್ಣನ ತೀರ್ಪನ್ನೇ ಶಾಸ್ತ್ರದ ತೀರ್ಪಾಗಿ ಬರೆದರು. ಕಥೆಯನ್ನು ಮೂಲದ ಕುರಿತ ಮಾಹಿತಿಯಾಗಿ ಮಾತ್ರ ಓದಿದ್ದರ ಫಲ ಇದು.

ಇನ್ನೊಂದು ಬಗೆಯಲ್ಲಿ ಓದಿದರೆ ಕಥೆ ಬೇರೆಯೇ ಸಂಗತಿಗಳನ್ನು ಹೇಳುತ್ತದೆ. ಮೊದಲನೆಯದಾಗಿ, ಹೆಣ ಎತ್ತಿದ್ದು ತಮ್ಮನ ಇಚ್ಛೆಯಿಂದಲ್ಲ. ಅಣ್ಣನ ಪೂಜೆ ನಡೆಯಲೆಂದು. ಅಣ್ಣನ ಮಡಿ ತಮ್ಮನ ಮೈಲಿಗೆಯ ಮೇಲೆ ನಿಂತಿದೆ ಎಂಬ ಆಪಾದನೆ ಇಲ್ಲಿ ಸ್ಪಷ್ಟವಾಗಿದೆ. ಎರಡನೆಯದಾಗಿ, ದೇವರು ತಮ್ಮನ ಪ್ರಾರ್ಥನೆಗೆ ಒಲಿದ. ಪೂಜೆ ಮಾಡುತ್ತಿದ್ದ ಅಣ್ಣನಿಗೆ ಒಲಿಯಲಿಲ್ಲ. ಮೂರನೆಯದಾಗಿ, ಹೆಸರಿನ ವಿವರಣೆ. ಹೊಲೆಯ ಎಂಬ ಪದವನ್ನು ಹೊಲೆ ಎಂಬ ಮೈಲಿಗೆಯ ಅರ್ಥದಿಂದಲೂ ಹೊಲ ಎಂಬ ಭೂಮಿಯ ಅರ್ಥದಿಂದಲೂ ಬಿಡಿಸುವ ಪ್ರಯತ್ನಗಳನ್ನು ಕನ್ನಡ ವಿದ್ಯಾರ್ಥಿಗಳು ಬಲ್ಲರು. ಈ ಕಥೆ ಎರಡನ್ನೂ ಬಿಟ್ಟು ಹೆಸರನ್ನು ದೇವರಿಂದ ಪಡೆಯುತ್ತದೆ. ವ್ಯುತ್ಪತ್ತಿಶಾಸ್ತ್ರದ ದೃಷ್ಟಿಯಿಂದ ಇದು ನಿಲ್ಲಲಾರದು. ಆದರೆ ಜನರು ತಮ್ಮ ಮೇಲೆ ಹೇರಿದ ಹೆಸರನ್ನು ಗೌರವದ ನೆಲೆಗೆ ತಿರುಗಿಸಿಕೊಂಡರೆಂಬುದು ಇತಿಹಾಸದ ಸಂಗತಿಯೇ ಸರಿ.

ನಾಲ್ಕನೆಯ ಅಂಶ ಇವೆಲ್ಲಕ್ಕಿಂತ ಮಹತ್ವದ್ದು. ಗೋಲರನು ಕರೆದು ಕುಳ್ಳಿರಿಸಬೇಕು, ಸಾವಿನ ಮನೆಯ ಶುದ್ಧಿಗೆ ಹೊಲಿಯಾ ಬೇಕು ಎಂಬ ನಡಾವಳಿಗಳನ್ನು ಕಥೆಯೊಡನೆ ಇಟ್ಟು ನೋಡಿದರೆ, ಈ ಕಥೆ ಒಂದು ಹಕ್ಕುಪತ್ರದಂತೆ ಕೆಲಸ ಮಾಡುತ್ತಿತ್ತೆಂದು ತೋರುತ್ತದೆ. ತಾಮ್ರಶಾಸನವಿಲ್ಲದ ಜನರು ತಮಗೆ ಸಲ್ಲಬೇಕಾದ ಮರ್ಯಾದೆಯನ್ನು ಕಥೆಯಲ್ಲಿ ಕಾದಿಟ್ಟಿದ್ದಾರೆ. ಅಣ್ಣ ತಮ್ಮಂದಿರು ಮತ್ತು ಸತ್ತ ದನ ಎಂಬ ಆಶಯ ಇವರಿಗಷ್ಟೇ ಸೀಮಿತವೂ ಅಲ್ಲ. ತಮಿಳುನಾಡಿನ ಪರೈಯರ್ ಸಮುದಾಯದಲ್ಲಿಯೂ ಇಂಥ ಕಥೆಗಳಿರುವುದನ್ನು ರಾಬರ್ಟ್ ದೆಲಿಯೇಜ್ ೧೯೯೩ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಚರ್ಚಿಸಿದ್ದಾರೆ. ಆದುದರಿಂದ ಈ ಕಥೆಯನ್ನು ಒಂದು ದಿನ, ಒಂದು ದಾರಿಯಲ್ಲಿ ನಡೆದ ಘಟನೆಯ ವರದಿಯೆಂದು ಹಿಡಿಯುವಂತಿಲ್ಲ. ಅದು ಶತಮಾನಗಳ ಅನುಭವವನ್ನು ಎರಕ ಹೊಯ್ದ ರೂಪ.

ಹೀಗೆ ಓದಲು ಹೊರಟಾಗ ದಾಖಲೆಯ ಕೊರತೆ ನಮ್ಮನ್ನು ತಡೆಯುತ್ತದೆ. ಈ ಕಥೆಯನ್ನು ಹೇಳಿದವರು ಯಾರು? ಗಂಡಸೋ ಹೆಂಗಸೋ? ಯಾವ ಊರಿನಲ್ಲಿ, ಯಾರೆದುರಿಗೆ ಹೇಳಿದರು? ಗೋಲರರು ಆಗ ಅಲ್ಲಿದ್ದರೇ? ತಮ್ಮ ಕನ್ನಡದಲ್ಲಿ ಹೇಳಿದರೋ, ಅಧಿಕಾರಿಗೆ ತಿಳಿಯಲೆಂದು ಹಿಂದಿಯಲ್ಲಿಯೋ ಮರಾಠಿಯಲ್ಲಿಯೋ ಹೇಳಿದರೋ? ಗ್ರಂಥದ ಆ ಬರೆಹದಲ್ಲಿ ಇದಾವುದೂ ಇಲ್ಲ. ಇರುವುದು ಇಂಗ್ಲಿಷಿನ ಒಂದು ಸಾರಾಂಶ ಮತ್ತು ಆ ಜನರ ಮೈಬಣ್ಣ, ಶುಚಿತ್ವಗಳನ್ನು ಕುರಿತ ತಾತ್ಸಾರದ ಮಾತು. ಅವರ ನುಡಿಯನ್ನು ಕೆಟ್ಟ ಕನ್ನಡವಿರಬಹುದೆಂದು ಒಂದೇ ಮಾತಿನಲ್ಲಿ ಮುಗಿಸಲಾಗಿದೆ. ಭಾಷಾ ಸಮೀಕ್ಷೆಯಾದರೋ ನುಡಿಯ ವ್ಯಾಕರಣವನ್ನು ಗಮನಿಸಿತು. ಆಡುವವರ ಇತಿಹಾಸ ಅದರ ಉದ್ದೇಶವಾಗಿರಲಿಲ್ಲ. ತಮ್ಮ ಕಥೆಯನ್ನು ತಮ್ಮ ನುಡಿಯಲ್ಲಿ ತಾವೇ ಹೇಳಿದವರ ದನಿ ಈ ಎರಡು ಮಹಾಕಾರ್ಯಗಳ ನಡುವೆ ಜಾರಿಹೋಯಿತು.

೫. ಲಾವಣಿ ಉಳಿಸಿದ್ದು

ಹೇಳಿದ ಮಾತು ಹೇಳಿದ ರೂಪದಲ್ಲಿಯೇ ಉಳಿದುಬಂದರೆ ಏನು ದೊರೆಯುತ್ತದೆ ಎಂಬುದಕ್ಕೆ ಕರ್ನಾಟಕದೊಳಗಿನ ಒಂದು ಉದಾಹರಣೆಯನ್ನು ಇದರೊಂದಿಗೆ ಹೋಲಿಸಬಹುದು. ೧೮೫೭ರಲ್ಲಿ ಬ್ರಿಟಿಷ್ ಸರಕಾರ ಜನರಿಂದ ಆಯುಧಗಳನ್ನು ಕಸಿದುಕೊಳ್ಳುವ ಕಾಯಿದೆ ತಂದಾಗ, ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಅದನ್ನು ವಿರೋಧಿಸಿ ನಿಂತರು. ನವೆಂಬರ್ ಕೊನೆಯಲ್ಲಿ ಸೈನ್ಯ ಊರನ್ನು ಮುತ್ತಿ ಸುಟ್ಟಿತು. ಡಿಸೆಂಬರಿನಲ್ಲಿ ೧೯ ಮಂದಿಯನ್ನು ಗಲ್ಲಿಗೇರಿಸಲಾಯಿತು. ಸರಕಾರದ ದೃಷ್ಟಿಯಲ್ಲಿ ಅದು ಅಡಗಿಸಲಾದ ಒಂದು ದಂಗೆ.

ಅದೇ ಘಟನೆಯನ್ನು ಕುರಿತ ಲಾವಣಿ ಶಾಲಾ ಪಠ್ಯದ ಮೂಲಕವೂ ಕನ್ನಡಿಗರಿಗೆ ಪರಿಚಿತವಾಗಿದೆ. ಯುದ್ಧದ ವರ್ಣನೆಯಲ್ಲಿ ಅದು ಅತಿಶಯೋಕ್ತಿಯನ್ನು ಬಿಟ್ಟಿಲ್ಲ. ಆದರೆ ಊರು ಲೂಟಿಯಾದಾಗ ಹೋದ ವಸ್ತುಗಳನ್ನು ಅದು ಹೆಸರಿಸುತ್ತದೆ: ಅಡುಗೆಮನೆಯ ಅರಿಸಿನ, ಜೀರಿಗೆ, ಎಣ್ಣೆ, ಊಟದ ಗಂಗಾಳ, ಬೀಸುವ ಕಲ್ಲು, ಹೆಂಗಸರ ಕೊರಳಿನ ಮಂಗಳಸೂತ್ರ. ಸೇನಾಧಿಕಾರಿಯ ಕಣ್ಣಿಗೆ ಇವು ದಾಖಲೆಗೆ ತಕ್ಕ ವಸ್ತುಗಳಲ್ಲ. ಬೀಸುವ ಕಲ್ಲು ಹೋದ ಮನೆಯಲ್ಲಿ ಮರುದಿನ ಹಿಟ್ಟಿಲ್ಲ ಎಂಬುದನ್ನು ಬಲ್ಲವರು ಮಾತ್ರ ಅದನ್ನು ಹಾಡಿನಲ್ಲಿ ಸೇರಿಸಬಲ್ಲರು. ದಂಗೆಯೆಂಬ ಒಂದು ಪದದೊಳಗೆ ಮುಚ್ಚಿಹೋಗುವ ಸಂಸಾರಗಳ ನಾಶವನ್ನು ಲಾವಣಿ ಎಣಿಸಿ ಇಟ್ಟಿದೆ.

ಈ ಲಾವಣಿ ಕುರ್ತಕೋಟಿಯ ಕಲ್ಮೇಶ ದೇವರ ಸ್ಮರಣೆಯನ್ನು ಒಳಗೊಂಡಿದ್ದು, ಅದನ್ನು ಕಟ್ಟಿದವನ ಊರನ್ನು ಊಹಿಸಲು ಆ ಅಂಕಿತವೇ ಆಧಾರ. ಹೇಳಿದವನ ಹೆಸರಿಲ್ಲದಿದ್ದರೂ ಅವನು ನಿಂತ ಸ್ಥಳ ತಿಳಿಯುತ್ತದೆ, ನುಡಿ ಅವನದೇ, ಕೇಳುವ ಸಭೆ ಯಾವುದೆಂದು ಲಾವಣಿಯ ರೂಪವೇ ಹೇಳುತ್ತದೆ. ನಾಗಪುರ ಸೀಮೆಯ ಕಥೆಗೆ ಇವುಗಳಲ್ಲಿ ಒಂದೂ ದಕ್ಕಲಿಲ್ಲ.

೬. ತಪ್ಪು ನೆನಪಿನ ಬೆಲೆ

ಮೌಖಿಕ ಸಾಕ್ಷ್ಯದ ವಿರುದ್ಧ ಸಾಮಾನ್ಯವಾಗಿ ಎತ್ತುವ ಆಕ್ಷೇಪಣೆ, ನೆನಪು ತಪ್ಪುತ್ತದೆ ಎಂಬುದು. ಆಕ್ಷೇಪಣೆ ನಿಜವಾದುದೇ. ಇಟಲಿಯ ಅಲೆಸ್ಸಾಂದ್ರೊ ಪೋರ್ತೆಲ್ಲಿ ಇದಕ್ಕೆ ಕೊಟ್ಟ ಉತ್ತರವನ್ನು ವಿದ್ಯಾರ್ಥಿಗಳು ಗಮನಿಸಬೇಕು. ತೆರ್ನಿ ಎಂಬ ಉಕ್ಕಿನ ಕಾರ್ಖಾನೆಯ ಊರಿನಲ್ಲಿ ಲುಯಿಜಿ ತ್ರಸ್ತುಲ್ಲಿ ಎಂಬ ಕಾರ್ಮಿಕ ೧೯೪೯ರಲ್ಲಿ, ನೇಟೊ ಒಪ್ಪಂದದ ವಿರುದ್ಧದ ಪ್ರದರ್ಶನದಲ್ಲಿ, ಪೊಲೀಸರಿಂದ ಹತನಾದ. ಆದರೆ ಅನೇಕ ಕಾರ್ಮಿಕರು ಅವನು ಸತ್ತದ್ದು ೧೯೫೩ರಲ್ಲಿ, ಸಾಮೂಹಿಕವಾಗಿ ಕೆಲಸದಿಂದ ತೆಗೆದುಹಾಕಿದ್ದರ ವಿರುದ್ಧ ನಡೆದ ಹೋರಾಟದಲ್ಲಿ ಎಂದು ಹೇಳಿದರು. ದಾಖಲೆಯೊಡನೆ ಹೋಲಿಸಿದಾಗ ನೆನಪು ತಪ್ಪೆಂದು ತಿಳಿಯಿತು. ಅಷ್ಟಕ್ಕೇ ನಿಲ್ಲದೆ, ಅಷ್ಟೊಂದು ಜನ ಒಂದೇ ಬಗೆಯಲ್ಲಿ ಏಕೆ ತಪ್ಪಿದರು ಎಂದು ಪೋರ್ತೆಲ್ಲಿ ಕೇಳಿದರು. ತಮ್ಮ ಬದುಕಿಗೆ ಅತ್ಯಂತ ದೊಡ್ಡ ಪೆಟ್ಟು ಬಿದ್ದ ಹೊತ್ತಿಗೆ ಆ ಸಾವನ್ನು ಸೇರಿಸಿದಾಗ ಮಾತ್ರ ಕಾರ್ಮಿಕರಿಗೆ ಅದರ ಅರ್ಥ ಪೂರ್ಣವಾಗುತ್ತಿತ್ತು.

ಇದರರ್ಥ, ಹೇಳಿದ್ದೆಲ್ಲ ನಿಜವೆಂದು ಒಪ್ಪಬೇಕೆಂದಲ್ಲ. ದಾಖಲೆಯೊಡನೆ ಹೋಲಿಸದಿದ್ದರೆ ತಪ್ಪು ಎಲ್ಲಿದೆ ಎಂಬುದೇ ಪೋರ್ತೆಲ್ಲಿಗೆ ತಿಳಿಯುತ್ತಿರಲಿಲ್ಲ. ಚೌರಿ ಚೌರಾ ಘಟನೆಯನ್ನು ಕುರಿತು ಶಾಹಿದ್ ಅಮೀನ್ ೧೯೯೫ರಲ್ಲಿ ಪ್ರಕಟಿಸಿದ ಗ್ರಂಥವೂ ನ್ಯಾಯಾಲಯದ ದಾಖಲೆಗಳನ್ನು ಊರವರ ನೆನಪುಗಳೊಡನೆ ಜೋಡಿಸಿ ಓದಿದ್ದರಿಂದಲೇ ಬೆಲೆಯುಳ್ಳದ್ದಾಗಿದೆ. ಬರೆಹ ಮತ್ತು ಮಾತು ಒಂದನ್ನೊಂದು ಪ್ರಶ್ನಿಸುವಂತೆ ಮಾಡುವುದೇ ವಿಧಾನದ ಹೃದಯ.

೭. ಕ್ಷೇತ್ರಕಾರ್ಯದ ಕ್ರಮ

ಮೇಲಿನ ಚರ್ಚೆಯಿಂದ ಕ್ಷೇತ್ರಕಾರ್ಯಕ್ಕೆ ಕೆಲವು ನಿಯಮಗಳು ಹೊರಡುತ್ತವೆ. ನಾಗಪುರ, ಸಿವನಿ, ಬಾಲಾಘಾಟಗಳ ಕಡೆಗೆ ಒಬ್ಬ ಕನ್ನಡ ವಿದ್ಯಾರ್ಥಿ ಹೊರಟಿದ್ದಾನೆಂದು ಭಾವಿಸಿ ಅವುಗಳನ್ನು ವಿವರಿಸಬಹುದು.

ಹೋಗುವ ಮೊದಲು ಲಭ್ಯ ಬರೆಹವನ್ನು ಓದಿರಬೇಕು; ಆದರೆ ಅದನ್ನು ವಕ್ತೃವಿನ ಮುಂದೆ ಇಟ್ಟು, ನಿಮ್ಮ ಕಥೆ ಇದೇ ಅಲ್ಲವೇ ಎಂದು ಕೇಳಬಾರದು. ಹಾಗೆ ಕೇಳಿದರೆ ೧೯೧೬ರ ಪುಸ್ತಕವೇ ಅವರ ಬಾಯಿಂದ ಹಿಂದಿರುಗಿ ಬರುತ್ತದೆ. ಜಾತಿಯ ಹುಟ್ಟಿನ ಪ್ರಶ್ನೆಯಿಂದ ಆರಂಭಿಸುವುದೂ ಸಲ್ಲದು. ಬಾಲ್ಯ, ಕೆಲಸ, ಮದುವೆ, ವಲಸೆ, ಶಾಲೆ, ನೀರು ಇವುಗಳಿಂದ ಮಾತು ಮೊದಲಾಗಲಿ; ಕಥೆಗೆ ಸ್ಥಳವಿದ್ದರೆ ಅದು ತಾನಾಗಿ ಬರುತ್ತದೆ.

ಇಸವಿಗಳನ್ನು ನೇರವಾಗಿ ಕೇಳುವುದರಿಂದ ಪ್ರಯೋಜನ ಕಡಿಮೆ. ಎಲ್ಲರಿಗೂ ತಿಳಿದ ಘಟನೆಗಳ ಹಿಂದೆ ಮುಂದೆ ಇಟ್ಟು ಕೇಳಬೇಕು. ಈ ಸೀಮೆಯಲ್ಲಿ ೧೯೫೬ ಅಂಥ ಒಂದು ಗುರುತು. ಆ ವರ್ಷದ ಅ. ೧೪ರಂದು ಅಂಬೇಡ್ಕರರು ನಾಗಪುರದಲ್ಲಿ ಬೌದ್ಧ ದೀಕ್ಷೆ ಪಡೆದರು. ನ. ೧ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ನಾಗಪುರ ಮುಂಬಯಿ ರಾಜ್ಯಕ್ಕೆ ಸೇರಿತು. ಸಿವನಿ, ಬಾಲಾಘಾಟಗಳು ಮಧ್ಯಪ್ರದೇಶದಲ್ಲಿ ಉಳಿದವು. ಅದುವರೆಗೆ ಒಂದೇ ಆಡಳಿತದಲ್ಲಿದ್ದ ಸೀಮೆ ಎರಡು ರಾಜ್ಯಗಳಾಗಿ, ಎರಡು ಆಡಳಿತ ಭಾಷೆಗಳಾಗಿ ಒಡೆಯಿತು. ಈ ಎರಡು ಘಟನೆಗಳು ಮನೆಯೊಳಗಿನ ನುಡಿಯ ಮೇಲೆ, ಹೆಸರಿನ ಮೇಲೆ, ನೆಂಟಸ್ತಿಕೆಯ ಮೇಲೆ ಏನು ಮಾಡಿದವು ಎಂಬುದನ್ನು ಗ್ರಂಥಗಳು ಹೇಳಲಾರವು. ಆ ಕಾಲವನ್ನು ಕಂಡ ಹಿರಿಯರು ಹೇಳಬಲ್ಲರು. ಅಂಥವರ ಸಂಖ್ಯೆ ದಿನದಿನಕ್ಕೆ ಇಳಿಯುತ್ತಿದೆ.

ನುಡಿಯ ವಿಚಾರದಲ್ಲಿ ಕನ್ನಡ ವಿದ್ಯಾರ್ಥಿಗೆ ವಿಶೇಷ ಅನುಕೂಲವೂ ವಿಶೇಷ ಅಪಾಯವೂ ಇವೆ. ಅವರ ಮಾತು ಅವನಿಗೆ ಅರ್ಧ ತಿಳಿಯುತ್ತದೆ. ತಿಳಿಯದ ಅರ್ಧವನ್ನು ತನ್ನ ಕನ್ನಡದಿಂದ ತುಂಬಿಕೊಳ್ಳುವ ಸಂಭವವಿರುತ್ತದೆ. ಆದುದರಿಂದ ಧ್ವನಿಮುದ್ರಣವನ್ನು ಕೇಳಿದಂತೆಯೇ ಲಿಪ್ಯಂತರಿಸಬೇಕು. ಹಿಂದಿ ಮರಾಠಿ ಪದಗಳನ್ನು ಕಿತ್ತು ಶುದ್ಧಗೊಳಿಸಬಾರದು. ಆ ಬೆರಕೆಯೇ ಅವರ ಇತಿಹಾಸ. ಮಾತು ತಡೆದ ಜಾಗ, ಬೇರೆಯವರು ನಡುವೆ ಬಾಯಿ ಹಾಕಿದ ಜಾಗ, ಮೌನ ಇವುಗಳನ್ನೂ ಗುರುತಿಸಬೇಕು. ಹಿರಿಯ ಗಂಡಸರ ಗುಂಪಿನಲ್ಲಿ ಕೇಳಿದ ಕಥೆಯನ್ನು ಹೆಂಗಸರಿಂದ ಪ್ರತ್ಯೇಕವಾಗಿ ಮತ್ತೊಮ್ಮೆ ಕೇಳಬೇಕು. ಅಣ್ಣನ ಕಡೆಯವರಾದ ಗೋಲರರು ಇದೇ ಕಥೆಯನ್ನು ಹೇಗೆ ಹೇಳುತ್ತಾರೆ, ಅಥವಾ ಹೇಳುವುದೇ ಇಲ್ಲವೋ ಎಂಬುದನ್ನು ಕೇಳದೆ ಕೆಲಸ ಮುಗಿಯದು.

ಪ್ರತಿ ಮುದ್ರಣದ ಜೊತೆಗೆ ಒಂದು ವಿವರಪತ್ರಿಕೆ ಇರಬೇಕು: ದಿನ, ಸ್ಥಳ, ವಕ್ತೃವಿನ ವಯಸ್ಸು ಮತ್ತು ಕಸುಬು, ಜೊತೆಯಲ್ಲಿದ್ದವರು, ಬಳಸಿದ ಭಾಷೆ, ಕೇಳಿದ ಪ್ರಶ್ನೆ. ಪ್ರಶ್ನೆಯನ್ನು ಬಿಟ್ಟು ಉತ್ತರವನ್ನು ಮಾತ್ರ ಅಚ್ಚು ಮಾಡುವ ಪದ್ಧತಿ ನಿಲ್ಲಬೇಕು. ಸಂಶೋಧಕನ ಜಾತಿ, ಊರು, ವೇಷಭೂಷಣಗಳೂ ವಕ್ತೃವಿನ ಮಾತನ್ನು ರೂಪಿಸುತ್ತವೆಯಾದ್ದರಿಂದ ಅವುಗಳನ್ನೂ ನಮೂದಿಸುವುದು ಪ್ರಾಮಾಣಿಕತೆಯ ಲಕ್ಷಣ.

ಒಪ್ಪಿಗೆಯ ವಿಷಯ ಹೆಚ್ಚು ಸೂಕ್ಷ್ಮವಾದುದು. ಅಪಮಾನದ ನೆನಪನ್ನು ಒಂದು ಸಂಜೆ ನಂಬಿಕೆಯಿಂದ ಹೇಳಿದವರು, ಅದು ತಮ್ಮ ಹೆಸರಿನೊಂದಿಗೆ ಅಚ್ಚಾಗುವುದನ್ನು ಬಯಸದಿರಬಹುದು. ಇನ್ನು ಕೆಲವರು ಹೆಸರು ಬಿಟ್ಟರೆ ಅದನ್ನೇ ಮತ್ತೊಂದು ಅಪಮಾನವೆಂದು ತಿಳಿಯಬಹುದು. ಇದಕ್ಕೆ ಎಲ್ಲರಿಗೂ ಅನ್ವಯಿಸುವ ಸೂತ್ರವಿಲ್ಲ. ಮುದ್ರಣವನ್ನು ಅವರಿಗೆ ಕೇಳಿಸಿ, ಲಿಪ್ಯಂತರವನ್ನು ಓದಿಹೇಳಿ, ಅವರ ಇಚ್ಛೆಯನ್ನು ತಿಳಿದು ನಡೆಯಬೇಕು.

೮. ಹಿಂದಿರುಗಿಸುವ ಹೊಣೆ

ಇಲ್ಲಿಗೆ ಮೌಖಿಕ ಇತಿಹಾಸವು ಸಾರ್ವಜನಿಕ ಇತಿಹಾಸವನ್ನು ಕೂಡುತ್ತದೆ. ಸಂಗ್ರಹಿಸಿದ್ದು ವಿಭಾಗದ ಕಪಾಟಿನಲ್ಲಿ ಪ್ರಬಂಧವಾಗಿ ಕುಳಿತರೆ ಮಾತು ಮತ್ತೊಮ್ಮೆ ಅದನ್ನಾಡಿದವರಿಂದ ದೂರವಾದಂತೆ. ಮುದ್ರಣದ ಒಂದು ಪ್ರತಿ ಆ ಊರಿನಲ್ಲಿ ಇರಬೇಕು. ಲಿಪ್ಯಂತರವು ಅಲ್ಲಿನ ಮಕ್ಕಳು ಶಾಲೆಯಲ್ಲಿ ಕಲಿಯುವ ಲಿಪಿಯಲ್ಲಿಯೂ ದೊರೆಯಬೇಕು. ಕನ್ನಡ ಲಿಪಿಯಲ್ಲಿ ಮಾತ್ರ ಅಚ್ಚಾದ ಪುಸ್ತಕ ಅವರ ನುಡಿಯದಾಗಿದ್ದರೂ ಅವರಿಗೆ ಓದಲು ಬಾರದು.

ಹೆಸರಿಡುವ ಅಧಿಕಾರ ಯಾರದೆಂಬುದೂ ಸಾರ್ವಜನಿಕ ಇತಿಹಾಸದ ಪ್ರಶ್ನೆಯೇ. ೧೮೩೭ರಲ್ಲಿ ಸುಳ್ಯದಿಂದ ಹೊರಟು ಮಂಗಳೂರನ್ನು ಕೆಲವು ದಿನ ವಶಪಡಿಸಿಕೊಂಡ ಜನರ ಬಂಡಾಯ ಬಹುಕಾಲ ‘ಕಲ್ಯಾಣಪ್ಪನ ಕಾಟಕಾಯಿ’ ಎಂಬ ಹೆಸರಿನಿಂದ ಪರಿಚಿತವಾಗಿತ್ತು. ಇಂದು ಅದನ್ನು ಅಮರ ಸುಳ್ಯದ ಸ್ವಾತಂತ್ರ್ಯ ಸಮರವೆಂದು ಸ್ಮರಿಸಲಾಗುತ್ತದೆ. ೨೦೨೨ರಲ್ಲಿ ಮಂಗಳೂರಿನಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆಯೂ ನಿಂತಿತು. ಹೊಸ ಹೆಸರು ಗೌರವ ತಂದಿತು. ಆದರೆ ಹಳೆಯ ಹೆಸರಿನಲ್ಲಿ ಅಡಗಿದ್ದ ಭಯವೋ ವ್ಯಂಗ್ಯವೋ ಅದನ್ನು ಬಳಸಿದವರ ನೆನಪಿನೊಂದಿಗೆ ಮರೆಯಾಗದಂತೆ ದಾಖಲಿಸುವುದು ಇತಿಹಾಸದ ವಿದ್ಯಾರ್ಥಿಯ ಕೆಲಸ. ಪ್ರತಿಮೆ ಒಂದು ಹೆಸರನ್ನು ಮಾತ್ರ ಹೊರಬಲ್ಲದು. ದಾಖಲೆ ಎರಡನ್ನೂ ಹೊರಬಲ್ಲದು.

ನಾಗಪುರ ಸೀಮೆಯ ಕನ್ನಡ ನುಡಿಯವರನ್ನು ಕುರಿತು ಕನ್ನಡ ವಿಭಾಗಗಳು ಕೆಲಸ ಕೈಗೊಂಡಾಗ ಈ ಎಚ್ಚರ ಇನ್ನೂ ಹೆಚ್ಚಾಗಿ ಬೇಕಾಗುತ್ತದೆ. ಕನ್ನಡವು ಒಮ್ಮೆ ಎಷ್ಟು ದೂರ ಹಬ್ಬಿತ್ತು ನೋಡಿರಿ ಎಂದು ಹೇಳಲು ಅವರನ್ನು ಸಾಕ್ಷಿಯಾಗಿ ಕರೆದರೆ, ರಸೆಲ್ ತಮ್ಮ ಪ್ರಾಂತದ ಪಟ್ಟಿಗಾಗಿ ಅವರನ್ನು ಬಳಸಿಕೊಂಡದ್ದಕ್ಕೂ ನಮ್ಮ ಕೆಲಸಕ್ಕೂ ಹೆಚ್ಚಿನ ಅಂತರವಿರದು. ಅವರ ಕಥೆಯಲ್ಲಿ ನಾಡಿನ ಎಲ್ಲೆಯ ಮಾತೇ ಇಲ್ಲ. ಇರುವುದು ಒಬ್ಬ ಅಣ್ಣ ಮಾಡಿದ ಅನ್ಯಾಯ, ಒಬ್ಬ ತಮ್ಮ ಕೇಳಿದ ನ್ಯಾಯ. ಆ ಅಣ್ಣನ ನುಡಿಯೂ ತಮ್ಮನ ನುಡಿಯೂ ಕನ್ನಡವೇ ಎಂಬುದನ್ನು ಕನ್ನಡಿಗರಾದ ನಾವು ಮರೆಯುವಂತಿಲ್ಲ. ಕನ್ನಡ ಅಲ್ಲಿಗೆ ಹೋದಾಗ ಜಾತಿಯೂ ಅದರೊಡನೆ ಹೋಗಿತ್ತು, ಅಥವಾ ಅಲ್ಲಿ ಅದನ್ನು ಕಾಯುತ್ತಿತ್ತು. ನುಡಿಯ ವ್ಯಾಪ್ತಿಯ ಬಗ್ಗೆ ಹೆಮ್ಮೆಪಡುವವರು ಈ ಭಾಗವನ್ನೂ ಒಪ್ಪಿಕೊಳ್ಳಬೇಕಾಗುತ್ತದೆ.

ವಿಶ್ವವಿದ್ಯಾನಿಲಯದ ಕನ್ನಡ ವಿಭಾಗವೊಂದಕ್ಕೆ ಇದು ಸಾಧ್ಯವಾದ, ದುಬಾರಿಯಲ್ಲದ ಕೆಲಸ. ಇಬ್ಬರು ಮೂವರು ವಿದ್ಯಾರ್ಥಿಗಳು, ಆ ಸೀಮೆಯ ಹಿಂದಿ ಮರಾಠಿ ವಿಭಾಗಗಳ ಸಹಕಾರ, ಒಂದು ಧ್ವನಿಮುದ್ರಕ, ಮತ್ತೆ ಮತ್ತೆ ಹೋಗಿಬರುವ ತಾಳ್ಮೆ ಇದ್ದರೆ ಸಾಕು. ಮೊದಲ ಭೇಟಿಯಲ್ಲಿ ಏನೂ ಸಿಗದಿರಬಹುದು. ೧೯೧೬ರ ಕಥೆಯನ್ನು ಅಲ್ಲಿ ಈಗ ಯಾರೂ ಹೇಳದಿರಬಹುದು; ಹೇಳಲು ಮನಸ್ಸಿಲ್ಲದಿರಬಹುದು. ಹಾಗಿದ್ದರೆ ಅದನ್ನೇ ದಾಖಲಿಸಬೇಕು. ಒಂದು ಕಥೆಯನ್ನು ಜನ ಯಾವಾಗ ಹೇಳುವುದನ್ನು ಬಿಟ್ಟರು, ಏಕೆ ಬಿಟ್ಟರು, ಅದರ ಜಾಗದಲ್ಲಿ ತಮ್ಮ ಬಗ್ಗೆ ಏನು ಹೇಳಿಕೊಳ್ಳಲು ಆರಂಭಿಸಿದರು ಎಂಬುದು ಕಥೆಯಷ್ಟೇ ಬೆಲೆಯುಳ್ಳ ಇತಿಹಾಸ. ಅದನ್ನು ಕೇಳಿ ತಿಳಿಯುವ ಅವಕಾಶ ಇನ್ನೂ ಉಳಿದಿರುವಾಗ ನಮ್ಮ ವಿದ್ಯಾರ್ಥಿಗಳು ಆ ಕಡೆಗೆ ಮುಖ ಮಾಡಬೇಕಾಗಿದೆ.